ಕಾಲುಸಂಕಕ್ಕೆ ಹಣ ಕೇಳುವ ಕ್ರಮ

ಮಳೆಗಾಲ ಹಿಡಿಯಿತೆಂದರೆ ನಮ್ಮ ಕಾಸರಗೋಡು, ಮಂಜೇಶ್ವರ ತಾಲೂಕುಗಳ ಬೈಲುಗಳಲ್ಲಿ ಒಂದೇ ಮಾತು: "ಈ ವರ್ಷವೂ ಸಂಕ ಆಗಲಿಲ್ಲ." ಕೇರಳದ 44 ನದಿಗಳಲ್ಲಿ 12 ನಮ್ಮ ಜಿಲ್ಲೆಯಲ್ಲೇ ಹರಿಯುತ್ತವೆಂದು ಲೆಕ್ಕ. ಅವಕ್ಕೆ ಬಂದು ಸೇರುವ ತೋಡುಗಳನ್ನು ಎಣಿಸಿ ಪೂರೈಸದು. ತೋಡಿನಾಚೆ ಹತ್ತಿಪ್ಪತ್ತು ಮನೆ. ಈಚೆ ಶಾಲೆ, ರೇಶನ್ ಅಂಗಡಿ, ಬಸ್ಸು. ನಡುವೆ ಎರಡು ಅಡಕೆ ಮರ ಹಾಸಿ, ಕೈ ಹಿಡಿಯಲು ಒಂದು ಬಿದಿರು ಕಟ್ಟಿದ ಕಾಲುಸಂಕ. ಆಟಿ ತಿಂಗಳಲ್ಲಿ ಮರ ಪಾಚಿಗಟ್ಟುತ್ತದೆ, ನೀರು ಮರದ ಮಟ್ಟಕ್ಕೆ ಬರುತ್ತದೆ. ಆ ದಿನ ತಾಯಂದಿರು ಮಕ್ಕಳನ್ನು ಶಾಲೆಗೆ ಕಳಿಸುವುದಿಲ್ಲ. ಕಾಯಿಲೆಯವರನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ದಾಟಿಸಬೇಕು.

"ನಾವು ಮನವಿ ಕೊಟ್ಟಿದ್ದೇವೆ, ಸರಕಾರ ಕೊಡಲಿಲ್ಲ" ಎನ್ನುತ್ತಾರೆ. ಹೌದು, ಕೊಟ್ಟಿರುತ್ತಾರೆ. ನೂರಿಪ್ಪತ್ತು ಸಹಿ ಹಾಕಿಸಿ ಮಂತ್ರಿಗಳಿಗೆ, ಕಲೆಕ್ಟರಿಗೆ, ಶಾಸಕರಿಗೆ ಒಂದೊಂದು ಪ್ರತಿ ಕಳಿಸಿರುತ್ತಾರೆ. ಬ್ಯಾಂಕಿನ ಕೌಂಟರಿನಲ್ಲಿ ಕೂತು ಆಯುಷ್ಯ ಕಳೆದವನು ನಾನು. ಖಾತೆಯಲ್ಲಿ ಹಣವಿದ್ದೂ ಚೆಕ್ಕು ಹಿಂದೆ ಬರುವುದನ್ನು ಎಷ್ಟೋ ಸಲ ನೋಡಿದ್ದೇನೆ. ತಾರೀಕು ಹಳೆಯದು, ಅಂಕಿಯೂ ಅಕ್ಷರವೂ ತಾಳೆಯಾಗದು, ಸಹಿ ಬೇರೆ. ಊರಿನ ಮನವಿಯ ಕಥೆಯೂ ಇಂಥದ್ದೇ. ಮಂತ್ರಿಗಳಿಗೆ ಬರೆದ ಕಾಗದ "ಸೂಕ್ತ ಕ್ರಮಕ್ಕಾಗಿ" ಎಂಬ ಷರಾದೊಂದಿಗೆ ಒಂದೊಂದೇ ಮೆಟ್ಟಿಲು ಇಳಿದು ಕೊನೆಗೆ ನಿಮ್ಮ ಪಂಚಾಯತು ಕಚೇರಿಗೇ ಬರುತ್ತದೆ. ಅಲ್ಲಿಂದ "ಸ್ಥಳದ ಸಮ್ಮತಪತ್ರವಿಲ್ಲ, ವಾರ್ಷಿಕ ಯೋಜನೆಯಲ್ಲಿ ಸೇರಿಲ್ಲ" ಎಂದು ಎರಡು ಸಾಲಿನ ಉತ್ತರ ಹೋಗುತ್ತದೆ. ಫೈಲು ಮುಚ್ಚಿತು. ತಿರುವನಂತಪುರಕ್ಕೆ ಹೋಗಿ ಬರಲು ಆ ಕಾಗದಕ್ಕೆ ಒಂದು ಮಳೆಗಾಲ ಹಿಡಿದಿರುತ್ತದೆ, ಅಷ್ಟೆ.

ಆದ್ದರಿಂದ ಮೊದಲು ಕೇಳಿಕೊಳ್ಳಬೇಕಾದದ್ದು, ತೋಡು ಯಾರದು? 1994ರ ಕೇರಳ ಪಂಚಾಯತ್ ರಾಜ್ ಕಾಯಿದೆಯಂತೆ ಊರಿನ ಸಾರ್ವಜನಿಕ ತೋಡು, ಕೆರೆಗಳು ಗ್ರಾಮ ಪಂಚಾಯತಿನ ವಶದಲ್ಲಿವೆ. ದೊಡ್ಡ ಹೊಳೆಯ ಮಾತು ಬೇರೆ. ದಾರಿ ಲೋಕೋಪಯೋಗಿ ಇಲಾಖೆಯದಾದರೆ ಅದೂ ಬೇರೆ. ತೋಡು ಪಂಚಾಯತಿನದ್ದು, ಎರಡೂ ಕಡೆಯ ಕಾಲುದಾರಿಯೂ ಪಂಚಾಯತಿನದ್ದು ಎಂದಾದರೆ ನಿಮ್ಮ ಮನವಿಯ ಮೊದಲ ಬಾಗಿಲು ವಾರ್ಡಿನ ಗ್ರಾಮಸಭೆ. ಕೇರಳದಲ್ಲಿ 1996ರ ಆಗಸ್ಟ್ 17ರಂದು ಆರಂಭವಾದ ಜನಕೀಯಾಸೂತ್ರಣದಲ್ಲಿ ರಾಜ್ಯದ ಯೋಜನಾ ಹಣದ ನೂರಕ್ಕೆ 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳ ಕೈಗೆ ಬಿಟ್ಟರು. ಸಣ್ಣ ಸಂಕದ ಹಣ ಮೇಲಿನಿಂದ ಬರಬೇಕೆಂದು ಕಾಯುವ ಅಗತ್ಯ ಆಗಲೇ ಕಡಿಮೆಯಾಯಿತು.

ಗ್ರಾಮಸಭೆ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕೆಂದು ನಿಯಮ. ಕೋರಂ ಆಗಲು ಮತದಾರರಲ್ಲಿ ಹತ್ತರಲ್ಲೊಂದು ಪಾಲು ಜನ ಬೇಕು. ನಮ್ಮಲ್ಲಿ ನಡೆಯುವುದೇನು? ಹಾಜರಿ ಪುಸ್ತಕ ಕೈಯಿಂದ ಕೈಗೆ ಹೋಗುತ್ತದೆ, ಸಹಿ ಹಾಕಿ ಅರ್ಧ ಗಂಟೆಯಲ್ಲಿ ಎದ್ದು ಬರುತ್ತೇವೆ. ಮನೆ, ಆಡು, ಕೋಳಿಗೂಡು ಯಾರಿಗೆಂದು ಕೇಳುವಲ್ಲಿಗೆ ಆಸಕ್ತಿ ಮುಗಿಯುತ್ತದೆ. ಸಂಕದ ಮಾತು ಎತ್ತಿದವರಿದ್ದರೂ ಅದು ನಡಾವಳಿ ಪುಸ್ತಕದಲ್ಲಿ ದಾಖಲಾಯಿತೇ ಎಂದು ನೋಡಿದವರು ಕಡಿಮೆ. ಬರೆಯದ ಮಾತು ಕಚೇರಿಗೆ ಕೇಳಿಸುವುದಿಲ್ಲ. ಎದ್ದು ಹೋಗುವ ಮುನ್ನ ಆ ಪುಟ ಓದಿ ಹೇಳಲು ಕೇಳಿ. ಕೇಳುವುದರಲ್ಲಿ ನಾಚಿಕೆಯಿಲ್ಲ.

ಸಮಯವನ್ನೂ ನೋಡಬೇಕು. ನಮಗೆ ಸಂಕ ನೆನಪಾಗುವುದು ಜುಲೈಯಲ್ಲಿ. ಆದರೆ ಏಪ್ರಿಲ್ ಒಂದಕ್ಕೆ ಆರಂಭವಾಗುವ ವರ್ಷದ ಯೋಜನೆ ಅದಕ್ಕೆ ಎಷ್ಟೋ ಮೊದಲೇ ಸಿದ್ಧವಾಗಿರುತ್ತದೆ. ಗ್ರಾಮಸಭೆ, ಕಾರ್ಯತಂಡ, ವಿಕಸನ ಸೆಮಿನಾರ್, ಪಂಚಾಯತು ಸಭೆ, ಜಿಲ್ಲಾ ಯೋಜನಾ ಸಮಿತಿ, ಇಷ್ಟು ಕಡೆ ಹಾದು ಬರಬೇಕು. ಅಂದರೆ ಮುಂದಿನ ಮಳೆಗಾಲದ ಸಂಕಕ್ಕೆ ಈ ಮಳೆ ನಿಂತ ಕೂಡಲೇ ಓಡಾಟ ಶುರುವಾಗಬೇಕು. ದೀಪಾವಳಿ ಮುಗಿದ ಮೇಲೆ ನೋಡೋಣ ಎಂದರೆ ತಡವಾದಂತೆಯೇ.

ಇನ್ನು ಎಲ್ಲಕ್ಕಿಂತ ಕಷ್ಟದ ವಿಷಯಕ್ಕೆ ಬರುತ್ತೇನೆ, ಸ್ಥಳ. ಸಂಕಕ್ಕೆ ಹೋಗುವ ದಾರಿ ಯಾರದೋ ತೋಟದ ಅಂಚಿನಲ್ಲಿ ಹಾಯುತ್ತದೆ. ಅಜ್ಜನ ಕಾಲದಿಂದ ಎಲ್ಲರೂ ನಡೆಯುತ್ತಾರೆ, ಯಾರೂ ಅಡ್ಡಿ ಮಾಡಿದ್ದಿಲ್ಲ. ಆದರೆ ಖಾಸಗಿ ಜಾಗದಲ್ಲಿ ಸಾರ್ವಜನಿಕ ಹಣ ಹಾಕುವಂತಿಲ್ಲ. ದಾರಿಯ ಜಾಗವನ್ನು ಪಂಚಾಯತಿಗೆ ಬಿಟ್ಟುಕೊಟ್ಟ ಕಾಗದ ಬೇಕೇ ಬೇಕು. ಇಲ್ಲಿ ಸ್ನೇಹ ಮುರಿಯುತ್ತದೆ. ತೋಟದವರಿಗೆ ಭಯ: "ಇಂದು ಮೂರಡಿ ಕೇಳುತ್ತಾರೆ, ನಾಳೆ ಜೀಪು ಹೋಗಬೇಕೆನ್ನುತ್ತಾರೆ, ನಾಡಿದ್ದು ಎರಡು ಸಾಲು ಅಡಕೆ ಮರ ಕಡಿಯುತ್ತಾರೆ." ಈ ಭಯವನ್ನು ತಮಾಷೆ ಮಾಡಬೇಡಿ. ಅದಕ್ಕೆ ಕಾರಣ ಇಲ್ಲದಿಲ್ಲ. ಅಳತೆಯನ್ನು ಕಾಗದದಲ್ಲೇ ಸ್ಪಷ್ಟವಾಗಿ ಬರೆಯಿರಿ. ಉದ್ದ ಎಷ್ಟು, ಅಗಲ ಎಷ್ಟು, ಸರ್ವೆ ನಂಬ್ರ ಯಾವುದು, ಕಾಲುದಾರಿಯೋ ವಾಹನದ ದಾರಿಯೋ. ಜೊತೆಗೆ ಒಂದು ನಕ್ಷೆ. ಹಳೆಯ ನಂಬ್ರ ಮತ್ತು ಮರುಸರ್ವೆಯ ನಂಬ್ರ ಎರಡನ್ನೂ ಕಾಣಿಸಿ. 1956ರ ನವಂಬರ್ ಒಂದರವರೆಗೆ ನಾವು ದಕ್ಷಿಣ ಕನ್ನಡ ಜಿಲ್ಲೆಯವರು. ಆ ಕಾಲದ ದಸ್ತಾವೇಜು ಕನ್ನಡದಲ್ಲಿರುತ್ತದೆ, ಈಗಿನ ಗ್ರಾಮ ಕಚೇರಿಯಲ್ಲಿ ಅದನ್ನು ಓದುವವರು ಇಲ್ಲದಿರಬಹುದು. ಜಾಗ ಅಣ್ಣತಮ್ಮಂದಿರ ಜಂಟಿ ಹೆಸರಿನಲ್ಲಿದ್ದರೆ ಎಲ್ಲರ ಸಹಿಯೂ ಬೇಕು. ಒಬ್ಬರು ಗಲ್ಫಿನಲ್ಲಿ, ಒಬ್ಬರು ಮುಂಬಯಿಯಲ್ಲಿ ಇರುತ್ತಾರೆ. ಅವರು ಊರಿನ ಭೂತಕೋಲಕ್ಕೋ ಮದುವೆಗೋ ಬಂದಾಗ ಸಹಿ ಆಗಿಬಿಡಲಿ. ಆಮೇಲೆ ಒಂದು ಸಹಿಗಾಗಿ ವರ್ಷ ಕಾಯುವುದು ಬೇಡ.

ಮನವಿ ಒಂದೇ ಪುಟ ಸಾಕು. ಕಷ್ಟಸುಖವನ್ನೆಲ್ಲ ಬರೆಯಬೇಡಿ, ಸಂಖ್ಯೆ ಬರೆಯಿರಿ. ತೋಡಿನ ಅಗಲ ಇಷ್ಟು ಮೀಟರ್, ಆಚೆ ಮನೆ ಇಷ್ಟು, ಶಾಲೆಗೆ ಹೋಗುವ ಮಕ್ಕಳು ಇಷ್ಟು, ಸುತ್ತಿ ಬರುವುದಾದರೆ ಇಷ್ಟು ಕಿಲೋಮೀಟರ್, ಕಳೆದ ಮಳೆಗಾಲದಲ್ಲಿ ದಾರಿ ಕಡಿದುಹೋದ ದಿನಗಳು ಇಂಥಿಂಥವು. ಪರಿಶಿಷ್ಟ ಜಾತಿ, ಪರಿಶಿಷ್ಟ ವರ್ಗದ ಮನೆಗಳೆಷ್ಟು ಎಂಬುದನ್ನು ಮರೆಯದೆ ಕಾಣಿಸಿ, ಯಾಕೆಂದರೆ ಅವರ ಪಾಲಿನ ಹಣ ಬೇರೆಯೇ ಶೀರ್ಷಿಕೆಯಲ್ಲಿ ಇರುತ್ತದೆ. ಮತ್ತೊಂದು: ಸಂಕ, ಬೀದಿದೀಪ, ನೀರಿನ ಟ್ಯಾಂಕಿ, ಬಸ್ಸು ಎಂದು ಹತ್ತು ಬೇಡಿಕೆಗಳನ್ನು ಒಂದೇ ಕಾಗದದಲ್ಲಿ ಸೇರಿಸಬೇಡಿ. ಕಚೇರಿಯಲ್ಲಿ ಒಂದೊಂದಕ್ಕೂ ಒಂದೊಂದು ಸೀಟು. ಕಾಗದ ಮೊದಲನೆಯ ಸೀಟಿನಲ್ಲೇ ಕೂತುಬಿಟ್ಟರೆ ಉಳಿದ ಒಂಬತ್ತು ಬೇಡಿಕೆಗಳು ಅಲ್ಲೇ ಮುಗಿದವು.

ಯಾವ ಭಾಷೆಯಲ್ಲಿ ಬರೆಯಬೇಕು? ಕನ್ನಡದಲ್ಲಿ ಬರೆಯಬಹುದು. ಸಂವಿಧಾನದ 350ನೇ ವಿಧಿಯಂತೆ ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಯಾವುದೇ ಅಧಿಕಾರಿಗೆ ಸಲ್ಲಿಸುವ ಹಕ್ಕು ಪ್ರತಿಯೊಬ್ಬನಿಗೂ ಇದೆ. ಕೇರಳದ 1969ರ ಆಡಳಿತ ಭಾಷಾ ಕಾಯಿದೆಯಲ್ಲೂ ಕನ್ನಡ, ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲೇ ಸರಕಾರದೊಡನೆ ಪತ್ರವ್ಯವಹಾರ ಮಾಡಲು, ಅದೇ ಭಾಷೆಯಲ್ಲಿ ಉತ್ತರ ಪಡೆಯಲು ಅವಕಾಶ ಬರೆದಿಟ್ಟಿದ್ದರು. ಆದರೂ ನನ್ನ ಸಲಹೆ ಹೀಗೆ: ಮನವಿ ಕನ್ನಡದಲ್ಲಿರಲಿ, ಉತ್ತರ ಕನ್ನಡದಲ್ಲಿ ಬೇಕೆಂದೂ ಬರೆಯಿರಿ, ಜೊತೆಗೆ ಮಲಯಾಳದಲ್ಲಿ ಅರ್ಧ ಪುಟದ ಸಾರಾಂಶ ಲಗತ್ತಿಸಿ. ಕೆಲವರಿಗೆ ಇದು ಹಿಡಿಸುವುದಿಲ್ಲ, ಹಕ್ಕು ಬಿಟ್ಟುಕೊಟ್ಟಂತೆ ಎನ್ನುತ್ತಾರೆ. ಹಕ್ಕಿನ ಕಾಗದ ಮೇಲಿದೆ, ಸಾರಾಂಶ ಕೆಳಗಿದೆ, ಬಿಟ್ಟುಕೊಟ್ಟದ್ದೇನಿಲ್ಲ. ಅನುವಾದಕ್ಕೆಂದು ಕಾಗದ ಎರಡು ತಿಂಗಳು ಮೇಜಿನ ಮೇಲೆ ಮಲಗುವುದು ತಪ್ಪುತ್ತದೆ. ಮಲಯಾಳ ಬರೆಯಬಲ್ಲ ಮಕ್ಕಳು ಮನೆಮನೆಯಲ್ಲಿದ್ದಾರೆ.

ಬರುವ ಉತ್ತರ ಓದುವಾಗಲೂ ಎಚ್ಚರ ಬೇಕು. ಎರಡು ಭಾಷೆಯಲ್ಲೂ ಇರುವ ಸಂಸ್ಕೃತ ಶಬ್ದಗಳು ನಮ್ಮನ್ನು ದಾರಿ ತಪ್ಪಿಸುತ್ತವೆ. "ಸಾಂಕೇತಿಕಾನುಮತಿ" ಎಂದು ಬಂದರೆ ಹೆಸರಿಗೆ ಮಾತ್ರ ಕೊಟ್ಟ ಅನುಮತಿಯೆಂದು ಬೇಸರಿಸಬೇಡಿ. ಮಲಯಾಳದಲ್ಲಿ ಸಾಂಕೇತಿಕವೆಂದರೆ ತಾಂತ್ರಿಕ. ಅಂದರೆ ಇಂಜಿನಿಯರು ನಕ್ಷೆ, ಲೆಕ್ಕ ಎಲ್ಲವನ್ನೂ ಒಪ್ಪಿದ್ದಾರೆ, ಸಂತೋಷದ ಸುದ್ದಿ! "ಪದ್ಧತಿ" ಎಂದರೆ ಅಲ್ಲಿ ರೂಢಿಯಲ್ಲ, ಯೋಜನೆ. "ಅಪೇಕ್ಷೆ" ಎಂದರೆ ಆಸೆಯಲ್ಲ, ಅರ್ಜಿ. ನಮ್ಮ ಹಿರಿಯರಿಗೆ "ಅಡಂಗಲ್" ಎಂದರೆ ಮದ್ರಾಸಿನ ಕಾಲದ ಗ್ರಾಮ ಲೆಕ್ಕದ ಪುಸ್ತಕ. ಈಗಿನ ಕಾಗದದಲ್ಲಿ "ಅಡಂಗಲ್ ತುಕ" ಎಂದರೆ ಅಂದಾಜು ಮೊಬಲಗು. "ಭರಣಾನುಮತಿ" ಎಂಬುದು ಆಡಳಿತದ ಒಪ್ಪಿಗೆ. ಅದು ಸಿಕ್ಕಿದ ಮಾತ್ರಕ್ಕೆ ಹಣ ಬಿಡುಗಡೆಯಾಯಿತೆಂದು ಪಟಾಕಿ ಸಿಡಿಸಬೇಡಿ. ಅದರ ಬೆನ್ನಿಗೆ ಸಾಂಕೇತಿಕಾನುಮತಿ, ಆಮೇಲೆ ಟೆಂಡರ್, ಆಮೇಲೆ ಕರಾರು.

ಪಂಚಾಯತಿನ ಹಣಕ್ಕೆ ಮೀರಿದ ಕೆಲಸವಾದರೆ ಮಾತ್ರ ಮೇಲಿನ ಬಾಗಿಲು. ಶಾಸಕರಿಗೆ ಅವರ ನಿಧಿಯಿದೆ. ಸಂಸದರ ಸ್ಥಳೀಯ ಪ್ರದೇಶಾಭಿವೃದ್ಧಿ ಯೋಜನೆ 1993ರ ಡಿಸೆಂಬರಿನಲ್ಲಿ ಬಂತು. ಮೊದಲ ವರ್ಷ ತಲಾ ಐದು ಲಕ್ಷ, ಮರುವರ್ಷ ಒಂದು ಕೋಟಿ, 1998-99ರಿಂದ ಎರಡು ಕೋಟಿ, 2011-12ರಿಂದ ವರ್ಷಕ್ಕೆ ಐದು ಕೋಟಿ ರೂಪಾಯಿ. ಕೋವಿಡ್ ಕಾಲದಲ್ಲಿ 2020ರ ಏಪ್ರಿಲಿನಲ್ಲಿ ನಿಲ್ಲಿಸಿದ್ದನ್ನು 2021ರ ನವಂಬರಿನಲ್ಲಿ ಮತ್ತೆ ಆರಂಭಿಸಿದರು. ಐದು ಕೋಟಿ ದೊಡ್ಡದಾಗಿ ಕೇಳಿಸುತ್ತದೆ. ಕಾಸರಗೋಡು ಲೋಕಸಭಾ ಕ್ಷೇತ್ರದಲ್ಲಿ ಏಳು ವಿಧಾನಸಭಾ ಕ್ಷೇತ್ರಗಳು. ಭಾಗಿಸಿ ನೋಡಿ, ಒಂದೊಂದಕ್ಕೆ 71 ಲಕ್ಷ ಚಿಲ್ಲರೆ. ಮಂಜೇಶ್ವರ ಕ್ಷೇತ್ರದ ಪಾಲಿಗೆ ಬಂದದ್ದನ್ನು ವರ್ಕಾಡಿ, ಮೀಂಜ, ಪೈವಳಿಕೆ, ಎಣ್ಮಕಜೆ, ಪುತ್ತಿಗೆ ಎಂದು ಹಂಚುತ್ತ ಹೋದರೆ ಉಳಿಯುವುದೆಷ್ಟು? ಅಲ್ಲದೆ ಸಂಸದರು ಹಣ ಕೈಯಲ್ಲಿ ಹಿಡಿದು ಕೊಡುವವರಲ್ಲ. ಅವರು ಶಿಫಾರಸು ಮಾಡುತ್ತಾರೆ, ಮಂಜೂರು ಮಾಡುವುದು ಜಿಲ್ಲಾ ಆಡಳಿತ. ಅಲ್ಲಿಯೂ ಮೊದಲು ಕೇಳುವುದು ಅದೇ ಸ್ಥಳದ ಕಾಗದವನ್ನು.

ನಮ್ಮ ಜಿಲ್ಲೆಗೆಂದೇ ಇನ್ನೊಂದು ದಾರಿಯಿದೆ. ಕಾಸರಗೋಡಿನ ಹಿಂದುಳಿದಿರುವಿಕೆಯ ಬಗ್ಗೆ ಪಿ. ಪ್ರಭಾಕರನ್ ಆಯೋಗ 2012ರಲ್ಲಿ ವರದಿ ಕೊಟ್ಟ ಮೇಲೆ ಕಾಸರಗೋಡು ಅಭಿವೃದ್ಧಿ ಪ್ಯಾಕೇಜ್ ಎಂಬುದು 2013-14ರಿಂದ ನಡೆದು ಬಂತು. ಇಂಥ ಕಡೆ ಒಂದು ಜಾಣತನದ ಮಾತು ಹೇಳಬಹುದು. ತೋಡಿನ ಆ ಜಾಗದಲ್ಲಿ ಊರವರು ವರ್ಷವೂ ಕಲ್ಲು ಮಣ್ಣಿನ ಕಟ್ಟ ಕಟ್ಟಿ ತೋಟಕ್ಕೆ ನೀರು ನಿಲ್ಲಿಸುವವರಾದರೆ ಬರೀ ಸಂಕ ಕೇಳಬೇಡಿ. ಕಿಂಡಿ ಅಣೆಕಟ್ಟು ಕೇಳಿ, ಅದರ ಮೇಲೆ ನಡೆಯುವ ಹಲಗೆಯೂ ಇರಲಿ ಎನ್ನಿ. ಕಾಂಕ್ರೀಟು ಅದೇ, ಆದರೆ ಶೀರ್ಷಿಕೆ ಸಣ್ಣ ನೀರಾವರಿಯದ್ದಾಗುತ್ತದೆ. ಬೇಸಿಗೆಯಲ್ಲಿ ಬಾವಿಯ ನೀರೂ ಉಳಿಯುತ್ತದೆ. ಬೆಳ್ಳೂರು, ಕುಂಬ್ಡಾಜೆಯ ಕಡೆಯವರಿಗೆ ಕಟ್ಟದ ಗುಣವನ್ನು ನಾನು ಹೇಳಬೇಕಾಗಿಲ್ಲ.

ಹೊಳೆಗೆ ದೊಡ್ಡ ಸೇತುವೆಯೆಂದಾದರೆ ಅದು ರಾಜ್ಯದ ಬಜೆಟ್ಟಿನ ವಿಷಯ. ಅಂಥವಕ್ಕೆ ರಾಜ್ಯಗಳು ಸಾಲ ಎತ್ತುವ ಒಂದು ಮೂಲ ನಬಾರ್ಡಿನಲ್ಲಿದೆ, 1995-96ರಲ್ಲಿ ಎರಡು ಸಾವಿರ ಕೋಟಿ ರೂಪಾಯಿಯೊಂದಿಗೆ ಆರಂಭವಾದ ಗ್ರಾಮೀಣ ಮೂಲಸೌಕರ್ಯ ಅಭಿವೃದ್ಧಿ ನಿಧಿ. ನಮ್ಮ ಬ್ಯಾಂಕಿನವರಿಗೆ ಇದು ಚೆನ್ನಾಗಿ ಗೊತ್ತು. ಕೃಷಿ ಮೊದಲಾದ ಆದ್ಯತಾ ರಂಗಕ್ಕೆ ಕೊಡಬೇಕಾದಷ್ಟು ಸಾಲ ಕೊಡದ ಬ್ಯಾಂಕುಗಳು ಆ ಕೊರತೆಯ ಹಣವನ್ನು ಅಲ್ಲಿ ಠೇವಣಿ ಇಡಬೇಕು. ರೈತನಿಗೆ ಕೊಡದ ಸಾಲ ಸೇತುವೆಯಾಗಿ ಊರಿಗೆ ಬರುತ್ತದೆ ಎಂದು ನಾವು ತಮಾಷೆಗೆ ಹೇಳುವುದಿತ್ತು. ಕರ್ನಾಟಕದಲ್ಲಿ 2010ರ ಕಾಯಿದೆಯಂತೆ ಆದ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರಕ್ಕೂ ಸಂಕದ ಮನವಿ ಕಳಿಸುವವರಿದ್ದಾರೆ. ಹೊರನಾಡ ಕನ್ನಡಿಗರ ಮಟ್ಟಿಗೆ ಆ ಬಾಗಿಲು ಕನ್ನಡ ಶಾಲೆ, ಭಾಷೆ, ಸಂಸ್ಕೃತಿಯ ಕೆಲಸಗಳಿಗೆ. ಕೇರಳದ ತೋಡಿಗೆ ಸಂಕ ಹಾಕಬೇಕಾದವರು ಕೇರಳದವರೇ. ನಾವು ತೆರಿಗೆ ಕಟ್ಟುವುದು ಇಲ್ಲಿ ತಾನೇ?

ಗುತ್ತಿಗೆದಾರರು ಬಾರದೆ ಗುಣಭೋಕ್ತೃ ಸಮಿತಿಯೇ ಕೆಲಸ ಮಾಡುವುದಾದರೆ ಸಂಚಾಲಕರಿಗೆ ಒಂದು ಮಾತು. ಬ್ಯಾಂಕಿನಲ್ಲಿ ಖಾತೆ ಜಂಟಿಯಾಗಿರಲಿ. ಖಾಲಿ ಸ್ಲಿಪ್ಪಿಗೆ, ಖಾಲಿ ಚೆಕ್ಕಿಗೆ ಯಾರೇ ಹೇಳಿದರೂ ಸಹಿ ಹಾಕಬೇಡಿ. ಸಿಮೆಂಟಿನ ಬಿಲ್ಲನ್ನು ಅಂದಂದೇ ಫೈಲಿಗೆ ಸೇರಿಸಿ. ಇಂಜಿನಿಯರರು ಅಳತೆ ಪುಸ್ತಕದಲ್ಲಿ ಬರೆದದ್ದಕ್ಕೆ ಮಾತ್ರ ಹಣ ಬರುತ್ತದೆ. ಮಣ್ಣಿನೊಳಗೆ ಹೋಗುವ ಅಡಿಪಾಯವನ್ನು ಮುಚ್ಚುವ ಮೊದಲೇ ಅಳೆಸಿಕೊಳ್ಳಿ.

ಮನವಿ ಕೊಟ್ಟ ದಿನ ಕಚೇರಿಯ ರಶೀದಿ, ನಂಬ್ರ ಪಡೆಯಿರಿ. ತಿಂಗಳುಗಟ್ಟಲೆ ಉತ್ತರವಿಲ್ಲದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯಂತೆ ಹತ್ತು ರೂಪಾಯಿ ಶುಲ್ಕ ಕೊಟ್ಟು "ಇಷ್ಟನೇ ನಂಬ್ರದ ಕಾಗದ ಈಗ ಯಾರ ಸೀಟಿನಲ್ಲಿದೆ, ಅದರ ಮೇಲೆ ಏನು ಬರೆದಿದೆ" ಎಂದು ಕೇಳಿ. 30 ದಿನದೊಳಗೆ ಉತ್ತರ ಬರಬೇಕು. ನಂಬ್ರವಿಲ್ಲದಿದ್ದರೆ ಈ ಪ್ರಶ್ನೆ ಕೇಳಲು ಆಗುವುದಿಲ್ಲ.

ಸಂಕ ಆಗಿ, ಉದ್ಘಾಟನೆ ಆಗಿ, ಪಾಯಸದ ಊಟವೂ ಆಯಿತೆನ್ನಿ. ಆಮೇಲೊಂದು ದಿನ ಯಾರಾದರೊಬ್ಬರು ಪಂಚಾಯತು ಕಚೇರಿಗೆ ಹೋಗಿ, ಹೊಸ ಸಂಕವೂ ಅದರ ದಾರಿಯೂ ಆಸ್ತಿ ರಿಜಿಸ್ಟರಿನಲ್ಲಿ ಸೇರಿದೆಯೇ ಎಂದು ನೋಡಿ ಬನ್ನಿ. ಆ ಪುಸ್ತಕದಲ್ಲಿ ಇಲ್ಲದ ಸಂಕಕ್ಕೆ ದುರಸ್ತಿಯ ಹಣ ಸಿಗುವುದಿಲ್ಲ. ಕೈಹಿಡಿಯ ಕಬ್ಬಿಣ ತುಕ್ಕು ಹಿಡಿಯಲು ನಮ್ಮ ಉಪ್ಪುಗಾಳಿಗೆ ನಾಲ್ಕು ಮಳೆಗಾಲ ಸಾಕು.