ಒಂದು ಡಿಸ್ಕ್ ಸತ್ತರೂ ಕಡತ ಉಳಿಯುವುದು ಹೇಗೆ?

ಹಾರ್ಡ್ ಡಿಸ್ಕ್ ಒಂದಲ್ಲ ಒಂದು ದಿನ ಕೈಕೊಡುತ್ತದೆ. ಇದನ್ನು ಒಪ್ಪಿಕೊಂಡೇ 1988ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿದ್ದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ‍್ಯಾಂಡಿ ಕಾಟ್ಜ್ ಪ್ರಬಂಧವೊಂದನ್ನು ಮಂಡಿಸಿದರು. ದುಬಾರಿಯ ದೊಡ್ಡ ಡಿಸ್ಕ್ ಬದಲು ಅಗ್ಗದ ಹಲವು ಡಿಸ್ಕ್‌ಗಳನ್ನು ಜೋಡಿಸಿ, ಒಂದು ಕೆಟ್ಟರೂ ಮಾಹಿತಿ ಉಳಿಸಿಕೊಳ್ಳುವ ಉಪಾಯವದು. ಹೆಸರು ರೇಡ್.

ಕಚೇರಿಯ ಮೂಲೆಯಲ್ಲಿ ಗುಂಯ್‌ಗುಡುವ ನ್ಯಾಸ್ ಪೆಟ್ಟಿಗೆಯಲ್ಲಿ (ಜಾಲದ ಮೂಲಕ ಎಲ್ಲರೂ ಬಳಸುವ ಸಂಗ್ರಹದಲ್ಲಿ) 4 ಟಿಬಿಯ ನಾಲ್ಕು ಡಿಸ್ಕ್‌ಗಳಿವೆ ಎನ್ನೋಣ. ರೇಡ್‌ನ ವಿಧಗಳಲ್ಲೊಂದಾದ ರೇಡ್ 5 ಮಾಡಿದರೆ ಬಳಕೆಗೆ ಸಿಗುವುದು 12 ಟಿಬಿ; ಉಳಿದದ್ದು ಪ್ಯಾರಿಟಿಗೆ, ಅಂದರೆ ತಾಳೆಯ ಲೆಕ್ಕಕ್ಕೆ. ಮೂರು ಡಿಸ್ಕ್‌ಗಳಲ್ಲಿ 1, 0, 1 ಇದ್ದರೆ ನಾಲ್ಕನೆಯದರಲ್ಲಿ 0 ಬರೆಯಲಾಗುತ್ತದೆ. ಒಟ್ಟು 1ಗಳ ಸಂಖ್ಯೆ ಸಮವಾಗಿರಬೇಕು, ಅಷ್ಟೇ. ಮೂರನೆಯದು ಸತ್ತರೆ ಉಳಿದ 1, 0, 0 ನೋಡಿ ಕಳೆದದ್ದು 1 ಎಂದು ಯಂತ್ರ ಹೇಳಬಲ್ಲದು. ಶಾಲೆಯ ಹುಡುಗರೂ ಹೇಳಬಲ್ಲರು!

ಅಪಾಯವಿರುವುದು ಆಮೇಲೆ. ಸತ್ತದ್ದರ ಬದಲು ಹಾಕಿದ ಹೊಸ ಡಿಸ್ಕ್ ತುಂಬಲು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಹಿಡಿಯುತ್ತದೆ. ಅಷ್ಟರಲ್ಲಿ ಇನ್ನೊಂದು ಕೆಟ್ಟರೆ ಎಲ್ಲವೂ ಹೋದಂತೆಯೇ. ರೇಡ್ 6 ಎರಡು ಡಿಸ್ಕ್‌ಗಳ ಸಾವನ್ನೂ ತಾಳುತ್ತದೆ, ಆದರೆ ಜಾಗ 8 ಟಿಬಿಗೆ ಇಳಿಯುತ್ತದೆ.

ಈ ಜಾಗವನ್ನು ಲೆಕ್ಕಪತ್ರಕ್ಕೊಂದು, ಫೋಟೊಗಳಿಗೊಂದು ಎಂದು ವಾಲ್ಯೂಮ್‌ಗಳಾಗಿ ಹಂಚಬಹುದು. ಆದರೆ ಕಡತವನ್ನು ನಾವೇ ಅಳಿಸಿದರೆ ರೇಡ್ ಅದನ್ನೂ ವಿಧೇಯವಾಗಿ ಅಳಿಸುತ್ತದೆ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಸಾಫ್ಟ್‌ವೇರ್ ಸಂಸ್ಥೆಯ ಎಂಜಿನಿಯರ್ ಒಬ್ಬರು ತಪ್ಪು ಸರ್ವರ್‌ನಲ್ಲಿ ಡೇಟಾಬೇಸ್ ಅಳಿಸಿಬಿಟ್ಟರು. ಕಾಪಾಡಿದ್ದು ಆರು ಗಂಟೆ ಮುಂಚೆ ತೆಗೆದಿದ್ದ ವಾಲ್ಯೂಮ್ ಸ್ನ್ಯಾಪ್‌ಶಾಟ್, ಅಂದರೆ ವಾಲ್ಯೂಮ್ ಆ ಕ್ಷಣದಲ್ಲಿ ಇದ್ದ ಸ್ಥಿತಿಯ ಪ್ರತಿ. ನಡುವಿನ ಮಾಹಿತಿಯಲ್ಲಿ ಒಂದಷ್ಟು ಮರಳಿ ಸಿಗಲೇ ಇಲ್ಲ.