ವಿಜಯನಗರ ಜಿಲ್ಲೆಯ ಪಶ್ಚಿಮ ತಾಲ್ಲೂಕುಗಳ ಭೂಗೋಳ ಮತ್ತು ಹವಾಮಾನ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ಕರ್ನಾಟಕದ ವಿಜಯನಗರ ಜಿಲ್ಲೆಯ ಐದು ತಾಲ್ಲೂಕುಗಳು. ಇವುಗಳನ್ನು ವಾಡಿಕೆಯಲ್ಲಿ ಪಶ್ಚಿಮ ತಾಲ್ಲೂಕುಗಳೆಂದು ಕರೆಯಲಾಗುತ್ತದೆ. 2021ರಲ್ಲಿ ಬಳ್ಳಾರಿ ಜಿಲ್ಲೆಯನ್ನು ವಿಭಜಿಸಿ ಹೊಸಪೇಟೆಯನ್ನು ಕೇಂದ್ರವಾಗಿಸಿ ಈ ಜಿಲ್ಲೆಯನ್ನು ರಚಿಸಲಾಯಿತು. ಹರಪನಹಳ್ಳಿಯು 1997ರಿಂದ 2018ರವರೆಗೆ ದಾವಣಗೆರೆ ಜಿಲ್ಲೆಯಲ್ಲಿತ್ತು.

ಭೂಸ್ವರೂಪ

ಈ ಪ್ರದೇಶವು ದಖ್ಖನ್ ಪ್ರಸ್ಥಭೂಮಿಯ ಭಾಗವಾಗಿದ್ದು, ಹೆಚ್ಚಿನ ನೆಲವು ಸಮುದ್ರಮಟ್ಟದಿಂದ ಸುಮಾರು 500ರಿಂದ 650 ಮೀಟರ್ ಎತ್ತರದಲ್ಲಿದೆ. ಕೂಡ್ಲಿಗಿ ತಾಲ್ಲೂಕಿನಲ್ಲಿ ಕಣಶಿಲೆಯ ಬಂಡೆಗುಡ್ಡಗಳೂ ಕುರುಚಲು ಕಾಡುಗಳೂ ಇವೆ. ಇಲ್ಲಿನ ಗುಡೇಕೋಟೆಯಲ್ಲಿ ಕರಡಿಧಾಮವಿದೆ. ಕೂಡ್ಲಿಗಿ, ಕೊಟ್ಟೂರು ಕಡೆ ಕೆಂಪು ಮಣ್ಣು ಹೆಚ್ಚು. ಹಡಗಲಿಯ ನದಿಬಯಲಿನಲ್ಲಿ ಕಪ್ಪು ಮಣ್ಣು ಕಂಡುಬರುತ್ತದೆ.

ನದಿ ಮತ್ತು ಕೆರೆಗಳು

ತುಂಗಭದ್ರಾ ನದಿಯು ಹರಪನಹಳ್ಳಿ ಮತ್ತು ಹಡಗಲಿ ತಾಲ್ಲೂಕುಗಳ ಅಂಚಿನಲ್ಲಿ ಹರಿಯುತ್ತದೆ. ಚಿಕ್ಕಹಗರಿಯು ಹಗರಿಬೊಮ್ಮನಹಳ್ಳಿಯ ಮೂಲಕ ಸಾಗಿ ತುಂಗಭದ್ರಾ ಜಲಾಶಯವನ್ನು ಸೇರುತ್ತದೆ; ಇದಕ್ಕೆ ಅಡ್ಡಲಾಗಿ ಮಾಲವಿ ಜಲಾಶಯವನ್ನು ನಿರ್ಮಿಸಲಾಗಿದೆ. ಹಗರಿ ಎಂದೇ ಹೆಸರಾದ ವೇದಾವತಿ ನದಿ ಇದಕ್ಕಿಂತ ಬೇರೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಪಕ್ಷಿಸಂರಕ್ಷಣಾ ಮೀಸಲು ಪ್ರದೇಶವು ಹಳೆಯ ನೀರಾವರಿ ಕೆರೆಯಾಗಿದ್ದು, 2024ರಲ್ಲಿ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು.

ಹವಾಮಾನ

ಪಶ್ಚಿಮಘಟ್ಟಗಳ ಮಳೆನೆರಳಿನಲ್ಲಿರುವುದರಿಂದ ಇಲ್ಲಿ ಅರೆಶುಷ್ಕ ಹವಾಮಾನವಿದೆ. ಕೃಷಿ ಹವಾಮಾನದ ದೃಷ್ಟಿಯಿಂದ ಈ ಪ್ರದೇಶವನ್ನು ಉತ್ತರ ಒಣವಲಯಕ್ಕೆ ಸೇರಿಸಲಾಗಿದೆ. ಏಪ್ರಿಲ್–ಮೇ ತಿಂಗಳುಗಳಲ್ಲಿ ಉಷ್ಣಾಂಶವು 40 ಡಿಗ್ರಿ ಸೆಲ್ಸಿಯಸ್ ಸಮೀಪಿಸುತ್ತದೆ. ನೈಋತ್ಯ ಮಾರುತಗಳು ಘಟ್ಟದಲ್ಲಿಯೇ ಬಹುಪಾಲು ಮಳೆ ಸುರಿಸಿ ಬರುವುದರಿಂದ ಜೂನ್–ಜುಲೈ ತಿಂಗಳುಗಳಲ್ಲಿ ಗಾಳಿ ಬಲವಾಗಿದ್ದರೂ ಮಳೆ ಕಡಿಮೆ. ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಉತ್ತಮ ಮಳೆಯಾಗುತ್ತದೆ. ಸೆನೆಗಲ್ ದೇಶದ ರಾಜಧಾನಿ ಡಾಕರ್ ಕೂಡ ಬಹುಮಟ್ಟಿಗೆ ಇದೇ ಅಕ್ಷಾಂಶದಲ್ಲಿದ್ದು, ಅಲ್ಲಿಯೂ ಮಳೆಗಾಲ ಕಿರಿದು, ಒಣಹವೆಯ ಕಾಲ ದೀರ್ಘ. ಇಲ್ಲಿನ ಒಣಭೂಮಿಯಲ್ಲಿ ಬೆಳೆಯುವ ಸಜ್ಜೆಯು ಮೂಲತಃ ಪಶ್ಚಿಮ ಆಫ್ರಿಕಾದ ಬೆಳೆ.

ಕೃಷಿ ಮತ್ತು ಜನಜೀವನ

ಜೋಳ, ಮೆಕ್ಕೆಜೋಳ, ಶೇಂಗಾ, ಸೂರ್ಯಕಾಂತಿ, ಈರುಳ್ಳಿ ಮುಖ್ಯ ಬೆಳೆಗಳು. ಹಡಗಲಿ ಮಲ್ಲಿಗೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ. ಸಿಂಗಟಾಲೂರು ಏತ ನೀರಾವರಿ ಯೋಜನೆಯು ಹಡಗಲಿ ತಾಲ್ಲೂಕಿನ ಜಮೀನುಗಳಿಗೆ ನೀರೊದಗಿಸಲು ರೂಪುಗೊಂಡಿದೆ. ಉಳಿದಂತೆ ಬಹುಭಾಗ ಬೇಸಾಯವು ಮಳೆ, ಕೆರೆ ಮತ್ತು ಕೊಳವೆಬಾವಿಗಳನ್ನು ಅವಲಂಬಿಸಿದೆ. ಬಿತ್ತನೆಯ ನಂತರ ಕೆಲವು ವಾರ ಮಳೆ ತಡೆದರೂ ಬೆಳೆ ಒಣಗುತ್ತದೆ. ಕೆರೆ ತುಂಬದ ವರ್ಷ ಅಂತರ್ಜಲವೂ ಕುಸಿಯುತ್ತದೆ. ಬರಗಾಲದಲ್ಲಿ ಹಳ್ಳಿ ಮತ್ತು ತಾಂಡಾಗಳ ಕೂಲಿಕಾರರು ಕೆಲಸ ಅರಸಿ ಬೆಂಗಳೂರು ಹಾಗೂ ಮಲೆನಾಡಿನ ಕಡೆಗೆ ಗುಳೆ ಹೋಗುತ್ತಾರೆ. ಆದ್ದರಿಂದ ಕೆರೆಗಳಿಗೆ ನದಿನೀರು ತುಂಬಿಸುವುದು ಈ ಭಾಗದ ಪ್ರಮುಖ ಬೇಡಿಕೆಯಾಗಿದೆ.