ಚದುರಂಗದ ನಡೆಗೆ ‘ಇಂಡಿಯನ್’ ಹೆಸರೇಕೆ?

ರಾಯಚೂರಾಗಲಿ, ದೇವದುರ್ಗ, ಮಾನ್ವಿಗಳಾಗಲಿ, ಪಂದ್ಯಾವಳಿಗೆ ಸಿದ್ಧನಾಗುವ ಚದುರಂಗ ಆಟಗಾರ ಬೇಗನೆ ಕಲಿಯುವ ಹೆಸರುಗಳಲ್ಲಿ ‘ಕಿಂಗ್ಸ್ ಇಂಡಿಯನ್’, ‘ಕ್ವೀನ್ಸ್ ಇಂಡಿಯನ್’ ಸೇರಿವೆ. ಇವು ಆಟವನ್ನು ಆರಂಭಿಸುವ ಕ್ರಮಗಳು. ಜಗತ್ತೆಲ್ಲ ಬಳಸುವ ಈ ಕ್ರಮಗಳಿಗೆ ಭಾರತದ ಹೆಸರು ಬಂದುದೇಕೆ?

ಇದಕ್ಕೆ ಉತ್ತರ ನಮ್ಮ ಹಳೆಯ ನಿಯಮಗಳಲ್ಲಿದೆ. ಯುರೋಪಿನ ಆಟದಲ್ಲಿ ಪದಾತಿ ಮೊದಲ ಬಾರಿಗೆ ಎರಡು ಮನೆ ನಡೆಯಬಹುದು. ನಮ್ಮಲ್ಲಿ ಅದಕ್ಕೆ ಒಂದೇ ಮನೆ. ಆದ್ದರಿಂದ ಇಲ್ಲಿನವರು ಪದಾತಿಯನ್ನು ಒಂದು ಮನೆ ಸರಿಸಿ, ತೆರವಾದ ಜಾಗಕ್ಕೆ ಒಂಟೆಯನ್ನು ತಂದು, ದೂರದಿಂದಲೇ ಹಲಗೆಯ ನಡುಭಾಗಕ್ಕೆ ಗುರಿಯಿಡುತ್ತಿದ್ದರು.

ಈ ರೂಢಿ ದಾಖಲೆಗೆ ಬಂದದ್ದು ಕಲ್ಕತ್ತೆಯಲ್ಲಿ. ಅಲ್ಲಿ ವಕೀಲರಾಗಿದ್ದ ಸ್ಕಾಟ್ಲೆಂಡಿನ ಜಾನ್ ಕಾಕ್ರನ್, ಬಂಗಾಳದ ಮಹೇಶಚಂದ್ರ ಬಂದ್ಯೋಪಾಧ್ಯಾಯರೊಡನೆ ವರ್ಷಗಟ್ಟಲೆ ಆಡಿದರು. ಆಟ ಯುರೋಪಿನ ನಿಯಮದ್ದಾದರೂ ಮಹೇಶಚಂದ್ರರು ತಮ್ಮ ರೂಢಿ ಬಿಡಲಿಲ್ಲ. 1855ರ ಮೇ ತಿಂಗಳ ಒಂದು ಆಟದಲ್ಲಿ ಅವರು ಮೊದಲು ರಾಜನ ಕಡೆಯ ಕುದುರೆಯನ್ನು ಹೊರತಂದರು. ಎರಡನೆಯ ನಡೆಯಲ್ಲಿ ಪದಾತಿಯನ್ನು ಒಂದೇ ಮನೆ ಸರಿಸಿದರು. ಮೂರನೆಯದರಲ್ಲಿ ಮಂತ್ರಿಯ ಮುಂದಿನ ಪದಾತಿಯನ್ನು ಎರಡು ಮನೆ ನುಗ್ಗಿಸಿ, ಬಳಿಕ ಒಂಟೆಯನ್ನು ತೆರವಾದ ಮನೆಯಲ್ಲಿಟ್ಟರು.

ಆಟದಲ್ಲಿ ಗೆದ್ದವರು ಕಾಕ್ರನ್. ಅವರು ಮಂತ್ರಿಯನ್ನೇ ಬಲಿಕೊಟ್ಟು, ತನ್ನದೇ ಆನೆ, ಒಂಟೆ, ಪದಾತಿಗಳ ನಡುವೆ ಸಿಕ್ಕಿಬಿದ್ದ ಎದುರಾಳಿ ರಾಜನನ್ನು ಕುದುರೆಯಿಂದ ಕಟ್ಟಿಹಾಕುವ ದಾರಿ ಕಂಡಿದ್ದರು.

ಸೋತ ಆಟದ ಆರಂಭ ಮಾತ್ರ ಸೋಲಲಿಲ್ಲ. 67 ವರ್ಷಗಳ ನಂತರ, 1922ರಲ್ಲಿ ಆಸ್ಟ್ರಿಯಾದ ಅರ್ನ್ಸ್ಟ್ ಗ್ರುನ್‌ಫೆಲ್ಡ್ ಅದೇ ಕ್ರಮವನ್ನು ಪಂದ್ಯಾವಳಿಗಳಲ್ಲಿ ಆಡಿದರು. ಮುಂದೆ ವಿಶ್ವ ಚಾಂಪಿಯನ್ ಆದ ಅಲೆಖೈನ್‌ರನ್ನು ವಿಯೆನ್ನಾದಲ್ಲಿ ಮಣಿಸಿದರು. ಆ ಆರಂಭ ಇಂದಿಗೂ ‘ಗ್ರುನ್‌ಫೆಲ್ಡ್’ ಎಂದೇ ಪ್ರಸಿದ್ಧ. ಮಹೇಶಚಂದ್ರರ ಹೆಸರು ಉಳಿದದ್ದು ಅವರ ನಡೆಗಳು ಬರಹಕ್ಕಿಳಿದುದರಿಂದ ಮಾತ್ರ.

ಕೃಷ್ಣೆ, ತುಂಗಭದ್ರೆಗಳ ನಡುವಿನ ಎಡೆದೊರೆ ನಾಡಿಗೂ ಇದು ಅನ್ವಯಿಸುವ ಮಾತು. ಈ ನಾಡನ್ನಾಳಿದ ಕಲ್ಯಾಣ ಚಾಲುಕ್ಯರ ಅರಸ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಚದುರಂಗದ ವಿವರಣೆಯಿದೆ. ಆಟವೇನೋ ಗ್ರಂಥಕ್ಕೇರಿತು, ಊರ ಕಟ್ಟೆಗಳ ಮೇಲೆ ಅದನ್ನು ಆಡಿದವರ ನಡೆಗಳು ಹಲಗೆ ಮಡಿಸಿದೊಡನೆ ಅಳಿದವು.

ದೀರ್ಘಾವಧಿಯ ಪಂದ್ಯಾವಳಿಗಳಲ್ಲಿ ಪ್ರತಿ ನಡೆಯನ್ನೂ ಆಟಗಾರ ತಾನೇ ಬರೆದಿಡಬೇಕೆಂಬ ನಿಯಮ ಈಗಿದೆ. ಹುಡುಗರಿಗೆ ಬೇಸರ ತರಿಸುವ ಆ ಚೀಟಿಯಲ್ಲೇ ಸೋತವನ ಒಳ್ಳೆಯ ನಡೆಯೂ ಉಳಿಯುತ್ತದೆ.